ಹಿರಿಯರ ತಾಟಿಗೆ ಅಗಸಿ ಹಿಂಡಿ

ಮಹಾರಾಷ್ಟ್ರದ ಗಡಿಯ ಅಕ್ಕಲಕೋಟ, ಜತ್ತ ಕಡೆಯ ಮನೆಗಳಲ್ಲಿ ರೊಟ್ಟಿಗೆ ಶೇಂಗಾ ಹಿಂಡಿಯದೇ (ಚಟ್ನಿಪುಡಿಯದೇ) ದರ್ಬಾರು. ವಯಸ್ಸಾದವರಿದ್ದರೆ ಅಗಸಿ (ಅಗಸೆ ಬೀಜ) ಹಿಂಡಿಯನ್ನೂ ಮಾಡಿಡಿ. ‘ಫಂಕ್ಷನಲ್ ಫುಡ್’ (ಹೊಟ್ಟೆ ತುಂಬಿಸುವುದರ ಜೊತೆ ಆರೋಗ್ಯಕ್ಕೂ ಒಳ್ಳೆಯದೆನ್ನುವ ಆಹಾರ) ಎಂದು ಪೇಟೆಯಲ್ಲಿ ದುಬಾರಿ ಡಬ್ಬಿಗಳಲ್ಲಿ ಸಿಗುವ ನಾರು, ಒಮೇಗಾ-3 ಕೊಬ್ಬು ಎರಡೂ ಅಗಸಿಯಲ್ಲಿವೆ. 7 ಗ್ರಾಂ ಅಗಸಿ ಪುಡಿಯಲ್ಲಿ ಸುಮಾರು 2 ಗ್ರಾಂ ನಾರು. ಇಡೀ ಕಾಳು ನುಂಗಿದರೆ ಹೆಚ್ಚು ಉಪಯೋಗವಿಲ್ಲ. ಸಿಪ್ಪೆ ಗಟ್ಟಿ, ಬಹುಪಾಲು ಹಾಗೇ ಹೊರಗೆ ಹೋಗುತ್ತದೆ.

100 ಗ್ರಾಂ ಅಗಸಿ ಹಸನು ಮಾಡಿ, ದಪ್ಪ ತಳದ ಬಾಣಲೆಯಲ್ಲಿ ಸಣ್ಣ ಉರಿಗೆ ಹುರಿಯಿರಿ. ಐದಾರು ನಿಮಿಷದಲ್ಲಿ ಚಟಪಟ ಸಿಡಿಯುತ್ತದೆ. ಬಣ್ಣ ನೋಡಿ ಗೊತ್ತಾಗುವುದಿಲ್ಲ, ಅಗಸಿ ಮೊದಲೇ ಕಂದು. ಎರಡು ಕಾಳು ಬಾಯಿಗೆ ಹಾಕಿಕೊಳ್ಳಿ: ಹಲ್ಲಿಗೆ ಅಂಟಿದರೆ ಇನ್ನೂ ಹಸಿ, ಕರುಂ ಅಂದರೆ ಇಳಿಸಿ, ಕಹಿಯಾದರೆ ಸೀದಿದೆ. 4 ಬ್ಯಾಡಗಿ ಮೆಣಸಿನಕಾಯಿ, 1 ಚಮಚ ಜೀರಿಗೆ, 6 ಎಸಳು ಬಳ್ಳೊಳ್ಳಿ, ಒಂದು ಹಿಡಿ ಕರಿಬೇವು ಬೇರೆಬೇರೆಯಾಗಿ ಹುರಿಯಿರಿ. ಬಳ್ಳೊಳ್ಳಿಯ ಪಸೆ ಆರಲೇಬೇಕು, ಇಲ್ಲವಾದರೆ ಹಿಂಡಿಗೆ ಬೂಸ್ಟು ಹಿಡಿಯುತ್ತದೆ. ಉಪ್ಪು ಅರ್ಧ ಚಮಚ ಸಾಕು. ಬಿ.ಪಿ. ಇದ್ದವರಿಗೆ ಅದನ್ನೂ ಇಳಿಸಿ, ಚೂರು ಹುಣಸೆಹಣ್ಣು ಒಣಗಿಸಿ ಸೇರಿಸಿ.

ಪೂರ್ತಿ ತಣ್ಣಗಾದ ಮೇಲೆಯೇ ಮಿಕ್ಸರ್‌ಗೆ ಹಾಕಿ. ಒಂದೇ ಸಮನೆ ತಿರುಗಿಸಿದರೆ ಬಿಸಿಗೆ ಎಣ್ಣೆ ಬಿಟ್ಟು ಮುದ್ದೆಯಾಗುತ್ತದೆ. ತುಸು ತಿರುಗಿಸಿ, ನಿಲ್ಲಿಸಿ, ಮತ್ತೆ ತಿರುಗಿಸಿ. ಹಲ್ಲಿಲ್ಲದವರಿಗೆ ನುಣ್ಣಗಿರಲಿ.

ಮೊದಲ ವಾರ ದಿನಕ್ಕೆ ಒಂದೇ ಸಣ್ಣ ಚಮಚ. ಹೊಟ್ಟೆ ಉಬ್ಬರ ಇಲ್ಲವೆಂದರೆ ಒಂದು ದೊಡ್ಡ ಚಮಚದವರೆಗೆ ಹೋಗಬಹುದು. ಒಣ ಹಿಂಡಿ ಗಂಟಲಲ್ಲಿ ಹಿಡಿಯುತ್ತದೆ, ಹಾಗಾಗಿ ಮೊಸರಲ್ಲಿ ಕಲಸಿ ಮೆತ್ತನೆಯ ರೊಟ್ಟಿಗೋ ಜೋಳದ ನುಚ್ಚಿಗೋ ಹಾಕಿ ಕೊಡಿ. ಜೊತೆಗೆ ಒಂದು ಲೋಟ ನೀರು ಕುಡಿಯಲೇಬೇಕು. ಅಗಸಿ ನೀರು ಹೀರಿ ಲೋಳೆಯಾಗುವ ಕಾಳು. ನೀರು ಕಡಿಮೆಯಾದರೆ ಮಲಬದ್ಧತೆ ಹೆಚ್ಚುತ್ತದೆ. ಗುಳಿಗೆಗಳನ್ನು ಎರಡು ತಾಸು ಆಚೀಚೆ ಕೊಡಿ, ನಾರು ಔಷಧಿಯನ್ನು ತಡೆಹಿಡಿಯಬಹುದು. ರಕ್ತ ತೆಳುವಾಗಿಸುವ ಗುಳಿಗೆ ತಗೊಳ್ಳುವವರು ಮೊದಲು ಡಾಕ್ಟರನ್ನು ಕೇಳಲಿ. ನುಂಗಲು ತೊಂದರೆ ಇರುವವರಿಗೆ, ಕರುಳಲ್ಲಿ ಅಡಚಣೆ ಇರುವವರಿಗೆ ಬೇಡವೇ ಬೇಡ.

ಗಾಜಿನ ಸೀಸೆಯಲ್ಲಿ ಹಾಕಿ ಫ್ರಿಜ್ಜಿನಲ್ಲಿಡಿ. ಎರಡು ವಾರದಲ್ಲಿ ಮುಗಿಸಿ. ಅಗಸೆ ಎಣ್ಣೆ ಗಾಳಿಗೆ ಬೇಗ ಕೆಡುತ್ತದೆ. ಬಾಗಿಲಿಗೆ ಹಚ್ಚುವ ಬಣ್ಣದಲ್ಲಿ ಇದೇ ಎಣ್ಣೆ ಬಳಸುತ್ತಾರೆ. ಸೀಸೆ ತೆರೆದಾಗ ಆ ಬಣ್ಣದ ವಾಸನೆ ಬಂದರೆ ಚೆಲ್ಲಿಬಿಡಿ.