ಕೊಲಾಬಾದ ಅಂಕಿ, ಮೆಲ್ಬರ್ನ್‌ನ ಪತ್ರಿಕೆ: 1859ರ ಸೌರ ಬಿರುಗಾಳಿಯನ್ನು ಮುಂಬಯಿಯಿಂದ ಹುಡುಕುವುದು ಹೇಗೆ

1859ರ ಸೆಪ್ಟೆಂಬರ್ 2ರ ಬೆಳಿಗ್ಗೆ ಕೊಲಾಬಾ ವೀಕ್ಷಣಾಲಯದ ಕಾಂತಮಾಪಕದಲ್ಲಿ ಭೂಕಾಂತ ಬಲ ಸುಮಾರು 1,600 ನ್ಯಾನೊಟೆಸ್ಲಾದಷ್ಟು ಕುಸಿದದ್ದು ದಾಖಲಾಯಿತು. ಅದೇ ದಿನ ಕತ್ತಲಾದ ಮೇಲೆ ಆಸ್ಟ್ರೇಲಿಯದ ದಕ್ಷಿಣ ಭಾಗದವರು ಆಕಾಶದಲ್ಲಿ ಧ್ರುವಪ್ರಭೆ, ಅಂದರೆ ‘ಅರೋರಾ’ ಎಂಬ ಬಣ್ಣದ ಬೆಳಕು ನೋಡಿದರು. ಎರಡಕ್ಕೂ ಕಾರಣ ಒಂದೇ, ಹಿಂದಿನ ದಿನ ಇಂಗ್ಲೆಂಡಿನಲ್ಲಿ ಖಗೋಳಜ್ಞ ರಿಚರ್ಡ್ ಕ್ಯಾರಿಂಗ್ಟನ್ ಸೂರ್ಯನ ಮೇಲೆ ಕಂಡ ಸ್ಫೋಟ ಎಬ್ಬಿಸಿದ ಸೌರ ಬಿರುಗಾಳಿ. ಕಲೀನಾದ ಕನ್ನಡ ವಿಭಾಗದ ಸಂಶೋಧನಾರ್ಥಿಯಾಗಲಿ, ಡೊಂಬಿವಲಿಯಿಂದ ಲೋಕಲ್ ಹಿಡಿದು ಫೋರ್ಟಿಗೆ ಬರುವ ಬ್ಯಾಂಕ್ ನೌಕರರಾಗಲಿ, ಆಸ್ಟ್ರೇಲಿಯದ ವಿಜ್ಞಾನ ಮತ್ತು ಇತಿಹಾಸವನ್ನು ಒಟ್ಟಿಗೆ ಅಭ್ಯಾಸ ಮಾಡಲು ಇದಕ್ಕಿಂತ ಒಳ್ಳೆಯ ವಿಷಯ ಸಿಗುವುದು ಕಷ್ಟ. ಒಂದು ಪಾಲು ದಾಖಲೆ ಹುಟ್ಟಿದ್ದು ನಮ್ಮೂರಲ್ಲೇ. ಇನ್ನೊಂದು ಪಾಲಿಗೆ ಕಾಸು ಕೊಡಬೇಕಿಲ್ಲ.

ಆ ಇನ್ನೊಂದು ಪಾಲು ಇರುವುದು ಆಸ್ಟ್ರೇಲಿಯದ ರಾಷ್ಟ್ರೀಯ ಗ್ರಂಥಾಲಯ 2009ರಲ್ಲಿ ಶುರು ಮಾಡಿದ ‘ಟ್ರೋವ್’ನಲ್ಲಿ. 1803ರಿಂದ ಹಿಡಿದು, ಹಕ್ಕುಸ್ವಾಮ್ಯದ ಕಾರಣ ಹೆಚ್ಚಾಗಿ 1954ರವರೆಗಿನ ಪತ್ರಿಕೆಗಳು ಅಲ್ಲಿವೆ. ಓದಲು ಖಾತೆ ಬೇಡ. ಹುಡುಕಾಟದ ಜಾಗದಲ್ಲಿ ‘ಅರೋರಾ’ ಎಂದು ಇಂಗ್ಲಿಷಿನಲ್ಲಿ ಹಾಕಿ, ಪತ್ರಿಕೆಗಳ ವಿಭಾಗ ಆರಿಸಿ, ಅವಧಿಯನ್ನು 1859ರ ಆಗಸ್ಟ್ 29ರಿಂದ ಅಕ್ಟೋಬರ್ ಕೊನೆಯವರೆಗೆ ಕಟ್ಟಿ. ಸೆಪ್ಟೆಂಬರ್ 3ಕ್ಕೇ ನಿಲ್ಲಿಸಿದರೆ ಒಳನಾಡಿನ ಸುದ್ದಿ ತಪ್ಪಿಹೋಗುತ್ತದೆ, ಅದು ನಗರದ ಪತ್ರಿಕೆಗೆ ಬರುವಷ್ಟರಲ್ಲಿ ದಿನಗಳೇ ಉರುಳುತ್ತಿದ್ದವು. ಆಮೇಲೆ ಜಾಹೀರಾತುಗಳನ್ನೂ ಹಡಗುಗಳ ಪಟ್ಟಿಗಳನ್ನೂ ತೆಗೆದುಹಾಕಿ. ಅರೋರಾ ಎಂಬುದು ಹಡಗಿಗೂ ಇಡುವ ಹೆಸರು, ಅದೇ ಮೊದಲು ಮೇಲೆ ಬರುತ್ತದೆ.

ಫಲಿತಾಂಶ ಕಡಿಮೆ ಬಂದರೆ ಸುದ್ದಿಯೇ ಇರಲಿಲ್ಲ ಎಂದು ತೀರ್ಮಾನಿಸಬೇಡಿ. ಮಾಸಿದ ಅಚ್ಚನ್ನು ಯಂತ್ರ ಓದುವಾಗ ‘ಯು’ ಅಕ್ಷರ ‘ಎನ್’ ಆಗುತ್ತದೆ, ಇಡೀ ಪದ ಹುಡುಕಾಟಕ್ಕೆ ಸಿಗದೆ ಹೋಗುತ್ತದೆ. ಆದ್ದರಿಂದ ತಪ್ಪು ಕಾಗುಣಿತದಲ್ಲೂ ಒಮ್ಮೆ ಹುಡುಕಿ. ಟೆಲಿಗ್ರಾಫ್, ವಿದ್ಯುತ್, ದಕ್ಷಿಣದ ಆಕಾಶ, ಕೆಂಪು ಬೆಳಕು ಇಂಥ ಪದಗಳನ್ನು ಜೋಡಿಸಿಯೂ ನೋಡಿ. ಬೆಂಡಿಗೊ, ಬಲರಾಟ್‌ನಂಥ ಚಿನ್ನದ ಗಣಿಯೂರುಗಳ ಪತ್ರಿಕೆಗಳನ್ನು ಪುಟಪುಟವಾಗಿ ತಿರುವುವುದು ಸಾರ್ಥಕ. ಅಲ್ಲಿನ ಜನ ಡೇರೆಯಲ್ಲಿ, ಬಯಲಿನಲ್ಲಿ ಇದ್ದವರು, ಆಕಾಶ ಅವರಿಗೆ ಪೂರ್ತಿ ಕಾಣುತ್ತಿತ್ತು.

ಇನ್ನು ದಿನಾಂಕ. ಆ ವಾರ ಒಂದಲ್ಲ, ಎರಡು ಬಿರುಗಾಳಿ ಬಂದವು, ಮೊದಲನೆಯದು ಆಗಸ್ಟ್ 28-29ರಂದು. ಪತ್ರಿಕೆಯಲ್ಲಿ ತಾರೀಕಿನ ಮುಂದೆ ‘ಇನ್‌ಸ್ಟ್’ ಎಂದಿದ್ದರೆ ಅದೇ ತಿಂಗಳು, ‘ಅಲ್ಟ್’ ಎಂದಿದ್ದರೆ ಹಿಂದಿನ ತಿಂಗಳು. ‘ಮೊನ್ನೆ ರಾತ್ರಿ’ ಎಂದಷ್ಟೇ ಬರೆದ ಪತ್ರ ಸಿಕ್ಕರೆ ವಾರದ ದಿನ ಹುಡುಕಿ: ಆಗಸ್ಟ್ 29 ಸೋಮವಾರ, ಸೆಪ್ಟೆಂಬರ್ 2 ಶುಕ್ರವಾರ. ಅದೂ ಇಲ್ಲದಿದ್ದರೆ ಆ ವರದಿಯನ್ನು ಯಾವ ಬಿರುಗಾಳಿಗೂ ಸೇರಿಸದೆ ಪಕ್ಕಕ್ಕಿಡಿ.

ಎಲ್ಲಕ್ಕಿಂತ ಹೆಚ್ಚು ಜನ ಎಡವುವುದು ಗಡಿಯಾರದಲ್ಲಿ. ಮೊಬೈಲ್ ನೋಡಿ ಮೆಲ್ಬರ್ನ್ ನಮಗಿಂತ ನಾಲ್ಕೂವರೆ ಗಂಟೆ ಮುಂದೆ ಎಂದು ಲೆಕ್ಕ ಹಾಕಿದರೆ ತಪ್ಪುತ್ತದೆ. 1859ರಲ್ಲಿ ಭಾರತೀಯ ಕಾಲಮಾನ ಇರಲಿಲ್ಲ, ಅದು ಬಂದದ್ದು 1906ರಲ್ಲಿ. ಆಸ್ಟ್ರೇಲಿಯದ ವಸಾಹತುಗಳು ಕಾಲವಲಯ ಒಪ್ಪಿಕೊಂಡದ್ದು 1895ರಲ್ಲಿ. ಅದಕ್ಕೂ ಮೊದಲು ಊರೂರಿಗೆ ಅದರದೇ ಸ್ಥಳೀಯ ಸಮಯ. ರೇಖಾಂಶದ ಒಂದು ಡಿಗ್ರಿಗೆ 4 ನಿಮಿಷ ಹಿಡಿಯಿರಿ. ಕೊಲಾಬಾ 72.8 ಡಿಗ್ರಿ ಪೂರ್ವದಲ್ಲಿದೆ, ಅಂದರೆ ಗ್ರೀನಿಚ್‌ಗಿಂತ 4 ಗಂಟೆ 51 ನಿಮಿಷ ಮುಂದೆ. ಮೆಲ್ಬರ್ನ್ 145 ಡಿಗ್ರಿ, 9 ಗಂಟೆ 40 ನಿಮಿಷ. ವ್ಯತ್ಯಾಸ 4 ಗಂಟೆ 49 ನಿಮಿಷ. ಸಿಡ್ನಿಗೆ 10 ಗಂಟೆ 5 ನಿಮಿಷ, ಅಡಿಲೇಡ್‌ಗೆ 9 ಗಂಟೆ 14 ನಿಮಿಷ ಇಟ್ಟುಕೊಳ್ಳಿ.

ಈ ಲೆಕ್ಕ ಹಾಕಿದ ಕೂಡಲೇ ಒಂದು ಮುಖ್ಯ ಸಂಗತಿ ಹೊರಬೀಳುತ್ತದೆ. ಕೊಲಾಬಾದ ಕುಸಿತ ತಳ ಮುಟ್ಟಿದ್ದು ಬೆಳಿಗ್ಗೆ 11ರ ಸುಮಾರಿಗೆ. ಆಗ ಮೆಲ್ಬರ್ನ್‌ನಲ್ಲಿ ಮಧ್ಯಾಹ್ನ 3 ಗಂಟೆ 49 ನಿಮಿಷ, ಹಾಡಹಗಲು. ಸಂಜೆ 7ಕ್ಕೆ ಅಲ್ಲಿ ಬೆಳಕು ಕಂಡವರು ನೋಡಿದ್ದು ಬಿರುಗಾಳಿಯ ಉತ್ತುಂಗ ಕಳೆದು ಮೂರು ಗಂಟೆಯ ನಂತರದ ಪ್ರಭೆಯನ್ನು. ‘ಕೊಲಾಬಾದಲ್ಲಿ ಅಂಕಿ ಕುಸಿಯುತ್ತಿದ್ದಾಗಲೇ ಆಸ್ಟ್ರೇಲಿಯದ ಆಕಾಶ ಕೆಂಪಾಯಿತು’ ಎಂದು ಬರೆಯುವ ಆಸೆ ಯಾರಿಗಾದರೂ ಆಗುತ್ತದೆ, ಆದರೆ ಅದು ಸುಳ್ಳು. ವೀಕ್ಷಣಾಲಯದ ಕೋಷ್ಟಕ ಬಳಸುವಾಗ ಇನ್ನೂ ಒಂದು ಎಚ್ಚರ ಬೇಕು. ಆ ಕಾಲದ ಕೆಲವು ಕಾಂತೀಯ ವೀಕ್ಷಣಾಲಯಗಳು ಜರ್ಮನಿಯ ಗಟಿಂಗನ್ ಸಮಯ ಬಳಸುತ್ತಿದ್ದವು, ಖಗೋಳಜ್ಞರ ದಿನವೋ ನಡುಹಗಲಿಗೆ ಶುರುವಾಗುತ್ತಿತ್ತು. ಕೋಷ್ಟಕದ ತಲೆಬರಹ ಓದದೆ ಒಂದು ಅಂಕಿಯನ್ನೂ ಎತ್ತಿಕೊಳ್ಳಬೇಡಿ.

1,600ರ ವಿಚಾರದಲ್ಲೂ ಹಾಗೆಯೇ. ಅದು ಆ ಹೊತ್ತಿನ ನೇರ ಓದು. ಗಂಟೆಯ ಸರಾಸರಿ ತೆಗೆದರೆ ಕುಸಿತ ಬಹಳ ಚಿಕ್ಕದಾಗುತ್ತದೆ. ಇಂದಿನ ಬಿರುಗಾಳಿಗಳ ಸೂಚ್ಯಂಕ ಗಂಟೆಯ ಸರಾಸರಿಯದು, ಅದರ ಜೊತೆ ನೇರ ಓದನ್ನು ಹೋಲಿಸಿದರೆ 1859 ಇದ್ದದ್ದಕ್ಕಿಂತ ಭೀಕರವಾಗಿ ಕಾಣುತ್ತದೆ. ಕೊಲಾಬಾದ ಪರಂಪರೆ ಈಗ ಹೊಸ ಪನವೇಲ್‌ನ ಭಾರತೀಯ ಭೂಕಾಂತತ್ವ ಸಂಸ್ಥೆಯದು. ಅಲ್ಲಿನ ಗ್ರಂಥಾಲಯಕ್ಕೆ ಮೊದಲು ಪತ್ರ ಬರೆದು, ಬೇಕಾದ ವರ್ಷ, ಬೇಕಾದ ಕೋಷ್ಟಕ ಯಾವುದೆಂದು ನಿಖರವಾಗಿ ತಿಳಿಸಿ. ‘ಹಳೆಯ ದಾಖಲೆಗಳನ್ನು ನೋಡಬೇಕು’ ಎಂದಷ್ಟೇ ಬರೆದರೆ ಕೆಲಸ ಆಗದು. ಮುಂಬಯಿಯ ಅಂದಿನ ಪತ್ರಿಕೆಗಳಿಗೆ ಫೋರ್ಟಿನ ಟೌನ್ ಹಾಲಿನಲ್ಲಿರುವ ಏಷಿಯಾಟಿಕ್ ಸೊಸೈಟಿಯಲ್ಲಿ ವಿಚಾರಿಸಿ.

ಸರ್ಕಾರಿ ಕಡತಗಳು ಬೇಕೆಂದರೆ ಕ್ಯಾನ್‌ಬೆರಾದ ರಾಷ್ಟ್ರೀಯ ಪತ್ರಾಗಾರದಿಂದ ಶುರು ಮಾಡಬೇಡಿ. ಆಸ್ಟ್ರೇಲಿಯ ಒಂದು ದೇಶವಾದದ್ದೇ 1901ರಲ್ಲಿ, ಅದಕ್ಕೂ ಹಿಂದಿನ ಆಡಳಿತದ ಕಾಗದಗಳು ಹೆಚ್ಚಾಗಿ ಆಯಾ ರಾಜ್ಯದ ಪತ್ರಾಗಾರದಲ್ಲಿವೆ. ಮೆಲ್ಬರ್ನ್‌ನ ಫ್ಲ್ಯಾಗ್‌ಸ್ಟಾಫ್ ವೀಕ್ಷಣಾಲಯವನ್ನು 1858ರಿಂದ ನಡೆಸಿದ ಗಿಯೊರ್ಗ್ ನಾಯ್‌ಮಾಯರ್ ಬಗ್ಗೆ ಹುಡುಕುವವರು ವಿಕ್ಟೋರಿಯ ರಾಜ್ಯದ ಪತ್ರಾಗಾರಕ್ಕೆ ಹೋಗಬೇಕು. ಬ್ರಿಸ್ಬೇನ್ ಆ ಸೆಪ್ಟೆಂಬರ್‌ನಲ್ಲಿ ಇನ್ನೂ ನ್ಯೂ ಸೌತ್ ವೇಲ್ಸ್ ಆಡಳಿತದಲ್ಲಿತ್ತು, ಕ್ವೀನ್ಸ್‌ಲ್ಯಾಂಡ್‌ನ ಘೋಷಣೆ ಆದದ್ದು ಡಿಸೆಂಬರ್ 10ಕ್ಕೆ.

ಸಾಕ್ಷ್ಯ ಎಣಿಸುವಾಗ ನಕಲುಗಳನ್ನು ಕಳೆಯಿರಿ. ಒಂದು ಪತ್ರಿಕೆಯ ವರದಿಯನ್ನು ಹತ್ತು ಪತ್ರಿಕೆಗಳು ಎತ್ತಿ ಹಾಕುತ್ತಿದ್ದವು. ಹತ್ತು ಕಡೆ ಅದೇ ಸಾಲು ಇದ್ದರೆ ಸಾಕ್ಷಿ ಒಬ್ಬನೇ. ವಿಕ್ಟೋರಿಯದ ರೋಕ್‌ವುಡ್ ಬಳಿ ಚಿನ್ನ ಅಗೆಯುತ್ತಿದ್ದ ಒಬ್ಬಾತ ಕಂಡ ಪ್ರಭೆಯ ವರ್ಣನೆ ಬಹಳ ಸುಂದರವಾಗಿದೆ, ಎಲ್ಲರೂ ಅದನ್ನೇ ಉದ್ಧರಿಸುತ್ತಾರೆ. ಆದರೆ ಅದು ಪರ್ತ್‌ನ ಪತ್ರಿಕೆಯಲ್ಲಿ ಅಚ್ಚಾದದ್ದು 1909ರಲ್ಲಿ, ಐವತ್ತು ವರ್ಷದ ನಂತರ. 1909ರ ಸೆಪ್ಟೆಂಬರ್‌ನಲ್ಲೂ ದೊಡ್ಡ ಸೌರ ಬಿರುಗಾಳಿ ಎದ್ದಿತ್ತು. ಬಳಸಿ, ಆದರೆ ನೆನಪಿನ ಬರಹ ಎಂದು ಪಕ್ಕದಲ್ಲೇ ಬರೆಯಿರಿ.

ದಕ್ಷಿಣ ಆಸ್ಟ್ರೇಲಿಯದ ಮೂಲನಿವಾಸಿ ಸಮುದಾಯಗಳಲ್ಲಿ ಹಲವು ಈ ಬೆಳಕನ್ನು ಬೆಂಕಿ, ರಕ್ತ, ಸಾವಿನ ಜೊತೆ ಸೇರಿಸಿ ಅರ್ಥ ಮಾಡಿಕೊಂಡಿದ್ದವು. ಆ ಪಾಲನ್ನು ಬಿಟ್ಟ ಇತಿಹಾಸ ಅರೆಬರೆಯದು. ಆದರೆ ವಸಾಹತುಗಾರರು ಬರೆದಿಟ್ಟ ಮಾತನ್ನು ಸಮುದಾಯದ ಮಾತೆಂದೇ ಒಪ್ಪಿಸಬೇಡಿ. ಕೆಲವು ವಿಷಯಗಳಿಗೆ ಸಮುದಾಯದ ಒಪ್ಪಿಗೆ ಬೇಕು, ತೀರಿಕೊಂಡವರ ಹೆಸರು, ಚಿತ್ರ ಬಳಸುವಾಗಲೂ ಸೂಕ್ಷ್ಮ ಬೇಕು. ಕ್ಯಾನ್‌ಬೆರಾದ ಮೂಲನಿವಾಸಿ ಅಧ್ಯಯನ ಸಂಸ್ಥೆ ಐಯಾಟ್ಸಿಸ್‌ನ ಸಂಶೋಧನಾ ನೀತಿಯನ್ನು ಕೆಲಸ ಶುರು ಮಾಡುವ ಮೊದಲೇ ಓದಿ.

ಪ್ರತಿ ತುಣುಕಿಗೂ ಪತ್ರಿಕೆ, ತಾರೀಕು, ಪುಟ, ಟ್ರೋವ್ ಕೊಡುವ ಶಾಶ್ವತ ಕೊಂಡಿ, ಜೊತೆಗೆ ಮೂಲದಲ್ಲಿದ್ದ ಸಮಯ ಮತ್ತು ನೀವು ಪರಿವರ್ತಿಸಿದ ಸಮಯ, ಇವೆರಡನ್ನೂ ಬೇರೆಬೇರೆ ಕಾಲಂನಲ್ಲಿ ಬರೆದಿಡಿ. ಯಂತ್ರ ತಪ್ಪಾಗಿ ಓದಿದ ಸಾಲು ಕಂಡರೆ ಅಲ್ಲೇ ತಿದ್ದಬಹುದು. ತಿದ್ದಿದ ಪದ ಆಮೇಲೆ ಹುಡುಕಾಟಕ್ಕೆ ಸಿಗುತ್ತದೆ.