ಅಂಜನಾದ್ರಿ ಬೆಟ್ಟ ಹತ್ತುವ ಮುನ್ನ

ಗಂಗಾವತಿಯಿಂದ ಆನೆಗೊಂದಿ ದಾಟಿ ಬಂದರೆ ಅಂಜನಾದ್ರಿಯ ಬುಡ. ಸುಮಾರು 575 ಮೆಟ್ಟಿಲು. ಸಾಮಾನ್ಯ ನಡಿಗೆಯವರಿಗೆ ಅರ್ಧ ಗಂಟೆಯ ಕೆಲಸ. ದಣಿಸುವುದು ಎತ್ತರವಲ್ಲ, ಬಿಸಿಲು. ಏಪ್ರಿಲ್, ಮೇ ತಿಂಗಳಲ್ಲಿ ಈ ಸೀಮೆಯಲ್ಲಿ 40 ಡಿಗ್ರಿ ಮಾಮೂಲು. ಚಪ್ಪಲಿ ಕೆಳಗೇ ಬಿಟ್ಟು ಹತ್ತುವವರಿಗೆ ಹತ್ತು ಗಂಟೆ ದಾಟಿದರೆ ಮೆಟ್ಟಿಲು ಕಾದ ಹಂಚು. ಹಾಗಾಗಿ ಬೆಳಗ್ಗೆ ಆರಕ್ಕೇ ಶುರು ಮಾಡಿ, ಎಂಟರೊಳಗೆ ಇಳಿಯಿರಿ. ಸಂಜೆಯಾದರೆ ನಾಲ್ಕೂವರೆಯ ನಂತರ. ಶನಿವಾರ ಮತ್ತು ಹನುಮ ಜಯಂತಿಯಂದು ಜನಜಂಗುಳಿ; ನೋಟಕ್ಕೆಂದು ಬರುವವರು ವಾರದ ನಡುವಿನ ದಿನ ಆರಿಸಿಕೊಳ್ಳುವುದೇ ಲೇಸು.

ಮೊದಲ ನೂರು ಮೆಟ್ಟಿಲು ಓಡಿ ಹತ್ತಿ ಏದುಸಿರು ಬಿಡುವವರೇ ಹೆಚ್ಚು. ನಿಧಾನವಾಗಿ ಹತ್ತಿ, ತಿರುವುಗಳಲ್ಲಿ ನಿಂತು ಪಕ್ಕದ ಬಂಡೆಗಳನ್ನು ನೋಡಿ. ರಾಮನಗರದಿಂದ ಇಲ್ಲಿಯವರೆಗೆ ಹಬ್ಬಿರುವ, ಸುಮಾರು 250 ಕೋಟಿ ವರ್ಷ ಹಳೆಯ ಗ್ರಾನೈಟ್ ಪಟ್ಟಿಯ ಕಲ್ಲಿದು. ಹತ್ತಿರ ಬಗ್ಗಿದರೆ ನಸುಗೆಂಪು ಹರಳು, ನಡುವೆ ಮಿಣುಗುವ ಕಾಗೆಬಂಗಾರ ಕಾಣುತ್ತವೆ. ಈ ಗುಂಡುಗಳನ್ನು ಯಾರೂ ತಂದು ಪೇರಿಸಿದ್ದಲ್ಲ. ಕಲ್ಲಿನೊಳಗಿನ ಬಿರುಕುಗಳಿಗೆ ನೀರಿಳಿದು, ಮೂಲೆಗಳು ಮೊದಲು ಸವೆದು, ಪುಡಿ ಕೊಚ್ಚಿಹೋಗಿ, ಗಟ್ಟಿ ತಿರುಳು ಗುಂಡಗೆ ನಿಂತಿದೆ.

ಮೇಲೆ ಆಂಜನೇಯನ ದರ್ಶನವಾದ ಮೇಲೆ ದಕ್ಷಿಣಕ್ಕೆ ಮುಖ ಮಾಡಿ. ಕೆಳಗೆ ತುಂಗಭದ್ರೆ, ಆಚೆ ದಡದಲ್ಲಿ ಹಂಪಿ: ಬಲಕ್ಕೆ ವಿರೂಪಾಕ್ಷನ ಗೋಪುರ, ಎಡಕ್ಕೆ ವಿಠ್ಠಲ ದೇವಾಲಯದ ಕಡೆ. ಪೂರ್ವಕ್ಕೆ ಆನೆಗೊಂದಿ, ಪಶ್ಚಿಮಕ್ಕೆ ಸಾಣಾಪುರದ ಕೆರೆ. ಒಣ ಬಂಡೆಗಳ ಬುಡದಲ್ಲೇ ಭತ್ತದ ಹಸಿರು ಬೇಕೆಂದರೆ ಸೆಪ್ಟೆಂಬರ್‌ನಲ್ಲಿ ಬನ್ನಿ. ಕೊಯ್ಲಾದ ಮೇಲೆ ಬಂದರೆ ಬರೀ ಕೂಳೆ. ಆದರೆ ಮಳೆ ಬಿದ್ದ ದಿನ ಪಾಚಿಗಟ್ಟಿದ ಇಳಿಜಾರು ಬಂಡೆಗೆ ಕಾಲಿಡಬೇಡಿ. ಫೋಟೋ ಹುಚ್ಚಿಗೆ ಜಾರುವುದು ಇಲ್ಲೇ.

ಮಂಗಗಳ ಕಣ್ಣು ಪ್ಲಾಸ್ಟಿಕ್ ಚೀಲದ ಮೇಲೆ. ಬಾಳೆಹಣ್ಣು, ತೆಂಗಿನಕಾಯಿ ಜಿಪ್ ಇರುವ ಬ್ಯಾಗಿನೊಳಗಿರಲಿ. ಕಿತ್ತುಕೊಂಡರೆ ಜಗ್ಗಾಡಬೇಡಿ, ಬಿಟ್ಟುಬಿಡಿ. ಕಚ್ಚಿದರೆ ಸೋಪು ಹಚ್ಚಿ 15 ನಿಮಿಷ ನೀರಲ್ಲಿ ತೊಳೆದು, ಅಂದೇ ಆಸ್ಪತ್ರೆಗೆ ಹೋಗಿ ರೇಬೀಸ್ ಚುಚ್ಚುಮದ್ದು ಹಾಕಿಸಿಕೊಳ್ಳಿ. ಈ ಗುಡ್ಡಗಳಲ್ಲಿ ಚಿರತೆ, ಕರಡಿ ಓಡಾಡುತ್ತವೆ. ಕತ್ತಲಲ್ಲಿ ಮೆಟ್ಟಿಲು ಬಿಟ್ಟು ಬಂಡೆ ಸಂದಿಗೆ ಹೋಗುವುದು ಬೇಡ.

ಒಬ್ಬೊಬ್ಬರಿಗೆ ಒಂದು ಲೀಟರ್ ನೀರು ಸಾಕು. ಮಂಡಿನೋವಿದ್ದವರಿಗೆ ಹತ್ತುವುದಕ್ಕಿಂತ ಇಳಿಯುವುದೇ ಕಷ್ಟ. ಪಾದ ಅಡ್ಡವಾಗಿಟ್ಟು ಇಳಿಯಿರಿ, ಪಕ್ಕದ ಗೋಡೆ ಹಿಡಿದುಕೊಳ್ಳಿ. ಮಂಡಕ್ಕಿ ಒಗ್ಗರಣಿ, ಮಿರ್ಚಿ ಇಳಿದ ಮೇಲೆ ತಿಂದರಾಯಿತು. ತುಂಬಿದ ಹೊಟ್ಟೆಯಲ್ಲಿ ಹತ್ತಿದರೆ ಅರ್ಧದಲ್ಲೇ ಕೂರಬೇಕಾಗುತ್ತದೆ.