ಯಾವ ಗುಂಡಿ ತಿರುಗಿಸಬೇಕು?

ಅಜ್ಜಿಯ ಒಂದು ಫೋಟೋವನ್ನು ದೊಡ್ಡದಾಗಿ ಪ್ರಿಂಟ್ ಹಾಕಿಸಿದ ದಿನ ನನಗೆ ತುಂಬ ಬೇಸರವಾಯಿತು. ಅಜ್ಜಿ ಕಿಟಕಿ ಪಕ್ಕ ಕೂತು, ಮುಖ ಸ್ವಲ್ಪ ತಿರುಗಿಸಿ ಹೊರಗೆ ನೋಡುತ್ತಿದ್ದರು. ಪ್ರಿಂಟ್‌ನಲ್ಲಿ ನೋಡಿದರೆ ಆಚೆ ಕಣ್ಣು ಸ್ಪಷ್ಟವಾಗಿದೆ, ನಮ್ಮ ಕಡೆಯ ಕಣ್ಣು ಮಸುಕು. ಅದಕ್ಕೂ ಮೊದಲು ಕ್ಯಾಮೆರಾ ಹುಚ್ಚಿರುವ ಗೆಳೆಯರಿಗೆ ಅದನ್ನು ತೋರಿಸಿದ್ದೆ. ‘ಕ್ರೀಮಿ ಬೊಕೆ’, ‘ಮೈಕ್ರೋ ಕಾಂಟ್ರಾಸ್ಟ್ ಸೂಪರ್’, ‘ತ್ರೀಡಿ ಪಾಪ್ ಇದೆ’ ಅಂದಿದ್ದರು. ಹಿನ್ನೆಲೆಯ ಮಸುಕು ನಯವಾಗಿದೆ, ಸಣ್ಣ ವಿವರಗಳು ಎದ್ದು ಕಾಣುತ್ತವೆ, ಅಜ್ಜಿ ಚಿತ್ರದಿಂದ ಹೊರಬಂದಂತಿದ್ದಾರೆ ಅಂತ ಅದರ ಅರ್ಥ. ನಾನೂ ಅದೇ ಮಾತು ಆಡಿದ್ದೆ. ಕಣ್ಣಿನ ವಿಷಯ ಒಬ್ಬರೂ ಎತ್ತಲಿಲ್ಲ.

ಆ ಸಂಜೆ ಒಂದು ನೋಟ್‌ಬುಕ್ ತೆಗೆದು, ನಾವು ಆಡುವ ಪದಗಳನ್ನೆಲ್ಲ ಒಂದೊಂದಾಗಿ ಬರೆದೆ. ಪ್ರತಿ ಪದದ ಮುಂದೆ ಒಂದೇ ಪ್ರಶ್ನೆ: ಇದು ಬೇಕಾದರೆ ನಾನು ಏನು ಮಾಡಬೇಕು? ಗುಂಡಿ ತಿರುಗಿಸಬೇಕೋ, ಒಂದು ಹೆಜ್ಜೆ ಸರಿಯಬೇಕೋ, ಬೆಳಕು ಬದಲಾಯಿಸಬೇಕೋ?

ಕೆಲವು ಪದಗಳಿಗೆ ಉತ್ತರ ತಕ್ಷಣ ಸಿಕ್ಕಿತು. ‘ಸ್ಟಾಪ್’ ಅಂದರೆ ಬೆಳಕು ಎರಡರಷ್ಟು ಅಥವಾ ಅರ್ಧ. ‘ಡೆಪ್ತ್ ಆಫ್ ಫೀಲ್ಡ್’ ಅಂದರೆ ಸ್ಪಷ್ಟವಾಗಿ ಕಾಣುವ ಜಾಗದ ದಪ್ಪ. ಅದನ್ನು ಲೆಕ್ಕ ಹಾಕಬಹುದು. ನನ್ನದು ಫುಲ್ ಫ್ರೇಮ್ ಕ್ಯಾಮೆರಾ, ಅಂದರೆ ಅದರ ಸೆನ್ಸರ್ ಹಳೆಯ 35 ಎಂಎಂ ಫಿಲ್ಮ್‌ನಷ್ಟು ದೊಡ್ಡದು. ಎಫ್ ಅಂಕಿ ಅಂದರೆ ಲೆನ್ಸ್‌ನ ಕಿಂಡಿಯ ಅಳತೆ; ಅಂಕಿ ಚಿಕ್ಕದಾದಷ್ಟೂ ಕಿಂಡಿ ದೊಡ್ಡದು. 50 ಎಂಎಂ ಲೆನ್ಸ್‌ನಲ್ಲಿ ಎಫ್ 1.8 ಇಟ್ಟು, 1 ಮೀಟರ್ ದೂರದಿಂದ ತೆಗೆದರೆ ಈ ದಪ್ಪ ಸುಮಾರು 4 ಸೆಂಟಿಮೀಟರ್ ಮಾತ್ರ. ತಿರುಗಿದ ಮುಖದ ಎರಡು ಕಣ್ಣು ಅಷ್ಟರೊಳಗೆ ಹಿಡಿಯುವುದು ಕಷ್ಟ. ಎಫ್ 4 ಇಟ್ಟಿದ್ದರೆ 9 ಸೆಂಟಿಮೀಟರ್ ದಾಟುತ್ತಿತ್ತು. ನನಗೆ ಬೇಕಿದ್ದ ಮಾತು ಇದು.

‘ತ್ರೀಡಿ ಪಾಪ್’ ಮುಂದೆ ಏನು ಬರೆಯಬೇಕೋ ಗೊತ್ತಾಗಲಿಲ್ಲ. ಇದು ಲೆನ್ಸ್‌ನ ಗುಣ ಅಂತ ಎಲ್ಲರೂ ಹೇಳುತ್ತಾರೆ, ಅಲ್ವಾ? ಪರೀಕ್ಷೆ ಮಾಡಿಯೇ ನೋಡೋಣ ಅನ್ನಿಸಿತು. ಒಂದು ದುಬಾರಿ 50 ಎಂಎಂ ಎರವಲು ತಂದೆ, ನನ್ನ ಅಗ್ಗದ್ದೂ ಇತ್ತು. ಟ್ರೈಪಾಡ್ ಮೇಲಿಟ್ಟು ಎರಡರಲ್ಲೂ ಎಫ್ 5.6ರಲ್ಲಿ ಒಂದೇ ಮಣ್ಣಿನ ಹೂಜಿಯ ಫೋಟೋ ತೆಗೆದೆ. ಫೈಲ್‌ಗಳ ಹೆಸರು ಬದಲಾಯಿಸಿ ಒಂದು ವಾರ ಸುಮ್ನೆ ಬಿಟ್ಟೆ. ಆಮೇಲೆ ನೋಡಿದರೆ ಯಾವುದು ಯಾವುದರದ್ದು ಅಂತ ಹೇಳಲು ಆಗಲಿಲ್ಲ. ಆದರೆ ಹೂಜಿಯನ್ನು ಕಿಟಕಿಯ ಪಕ್ಕಕ್ಕೆ ಸರಿಸಿದಾಗ ಬೆಳಕು ಒಂದೇ ಪಕ್ಕದಿಂದ ಬಿತ್ತು. ಹಿಂದಿನ ಗೋಡೆ ಕತ್ತಲಾಯಿತು. ಹೂಜಿ ಎದ್ದು ನಿಂತಂತೆ ಕಂಡಿತು, ಎರಡು ಲೆನ್ಸ್‌ನಲ್ಲೂ! ನೋಟ್‌ಬುಕ್‌ನಲ್ಲಿ ಆ ಪದ ಹೊಡೆದುಹಾಕಿ ‘ಪಕ್ಕದ ಬೆಳಕು, ಕಪ್ಪು ಹಿನ್ನೆಲೆ’ ಅಂತ ಬರೆದೆ.

‘ಕಲರ್ ಸೈನ್ಸ್’, ಅಂದರೆ ಒಂದೊಂದು ಕಂಪನಿಯ ಕ್ಯಾಮೆರಾ ಬಣ್ಣ ತೋರಿಸುವ ರೀತಿ, ಅದೂ ಪಟ್ಟಿಯಿಂದ ಹೋಯಿತು. ನಾನು ರಾ ಫೈಲ್, ಅಂದರೆ ಕ್ಯಾಮೆರಾ ಬಣ್ಣ ತಿದ್ದುವ ಮೊದಲಿನ ಕಚ್ಚಾ ಫೈಲ್ ತೆಗೆಯುವವನು. ನನ್ನ ಫೋಟೋಗಳಲ್ಲಿ ಚರ್ಮದ ಬಣ್ಣ ಕೆಟ್ಟಾಗ ಹೆಚ್ಚಿನ ಸಲ ವೈಟ್ ಬ್ಯಾಲೆನ್ಸ್ (ಬಿಳಿ ಬಿಳಿಯಾಗಿಯೇ ಕಾಣುವಂತೆ ಬಣ್ಣ ಹೊಂದಿಸುವುದು) ಸರಿಮಾಡಿದರೆ ಸಾಕಾಗುತ್ತಿತ್ತು.

‘ಬೊಕೆ’ಯನ್ನು ಮಾತ್ರ ಉಳಿಸಿಕೊಂಡೆ. ಅದು ಜಪಾನಿ ಮಾತು, ಮಸುಕು ಅಂತ ಅರ್ಥ. 1997ರಲ್ಲಿ ಅಮೆರಿಕದ ಒಂದು ಫೋಟೋಗ್ರಫಿ ಪತ್ರಿಕೆ ಅದನ್ನು ಇಂಗ್ಲಿಷ್ ಓದುಗರಿಗೆ ಪರಿಚಯಿಸಿತು. ನಾವು ‘ಬೊಕೆ ಜಾಸ್ತಿ ಇದೆ’ ಅನ್ನುತ್ತೇವೆ. ಆದರೆ ಆ ಪದ ಹೇಳುವುದು ಮಸುಕು ಎಷ್ಟು ಅಂತಲ್ಲ, ಹೇಗಿದೆ ಅಂತ. ಹಿಂದಿನ ದೀಪಗಳ ಚುಕ್ಕಿಗೆ ಗಟ್ಟಿ ಅಂಚಿದೆಯೋ, ಮೆಲ್ಲಗೆ ಕರಗುತ್ತದೆಯೋ? ಇದನ್ನು ಕಣ್ಣಾರೆ ನೋಡಬಹುದು. ಹಾಗಾಗಿ ಈಗ ನಾನು ‘ಕ್ರೀಮಿ’ ಅನ್ನದೆ ಅಂಚು ಹೇಗಿದೆ ಅಂತಲೇ ಹೇಳುತ್ತೇನೆ.

ಮೊನ್ನೆ ಅಕ್ಕನ ಮಗಳು ತನ್ನ ಗೆಳತಿಯ ಫೋಟೋ ಕಳಿಸಿ, “ಮಾಮ, ಹೇಗಿದೆ?” ಅಂತ ಕೇಳಿದಳು. “ಹತ್ತಿರದ ಕಣ್ಣು ಮಸುಕಾಗಿದೆ ಪುಟ್ಟಿ. ಫೋಕಸ್ ಅದರ ಮೇಲಿಡು, ಎಫ್ 4ಕ್ಕೆ ಹೋಗು. ಅವಳನ್ನು ಗೋಡೆಯಿಂದ ನಾಲ್ಕು ಹೆಜ್ಜೆ ಮುಂದೆ ಕರೆ” ಅಂದೆ. ಅರ್ಧ ಗಂಟೆಯಲ್ಲಿ ಇನ್ನೊಂದು ಫೋಟೋ ಬಂತು. ಎರಡು ಕಣ್ಣಿನಲ್ಲೂ ಕಿಟಕಿಯ ಬೆಳಕು ಪುಟ್ಟ ಚೌಕವಾಗಿ ಹೊಳೆಯುತ್ತಿತ್ತು.